ಜ್ವರ ಬಂದರೆ ರಜಾಯಿ ಹೊದಿಸುವುದಾ, ತೆಗೆಯುವುದಾ? ಚೀನಾ, ಕೊರಿಯಾದ ಹಳೇ ವೈದ್ಯರು ಏನಂತಾರೆ?

ಹಾನ್‌ಹೊಳೆ_ಹುಡುಗಿ

ಎಲ್ಲರಿಗೂ ನಮಸ್ಕಾರ. ನಾನು ಸಿಯೋಲ್‌ನಲ್ಲಿ ಕೆಲಸದಲ್ಲಿದ್ದೇನೆ. ಮೊನ್ನೆ ಫ್ಲೂ ಬಂದು ಮಲಗಿದ್ದೆ, ಈಗ ಆರಾಮಿದ್ದೇನೆ. ವಿಷಯ ಏನಂದರೆ, ಮನೆ ಓನರ್ ಅಜ್ಜಿ ಬಂದು ನೆಲದ ಬಿಸಿ ಜಾಸ್ತಿ ಮಾಡಿದರು (ಇಲ್ಲಿ ನೆಲದಡಿಯೇ ಬಿಸಿನೀರಿನ ಪೈಪ್ ಇರುತ್ತದೆ). ದಪ್ಪ ರಜಾಯಿ ಹೊದಿಸಿದರು. ಸ್ಸಾಂಗ್‌ಹ್ವಾತಾಂಗ್ ಅನ್ನೋ ಕಪ್ಪು ಕಷಾಯದ ಬಾಟಲಿ ಬಿಸಿ ಮಾಡಿ ಕುಡಿಸಿದರು. ಬೆವರು ಬಂದರೆ ಎಲ್ಲ ಸರಿಹೋಗುತ್ತದಂತೆ. ಅತ್ತ ಅಮ್ಮ ವಿಡಿಯೋ ಕಾಲ್‌ನಲ್ಲಿ, "ಮೊದಲು ಆ ರಜಾಯಿ ತೆಗಿಯೇ, ಹಣೆಗೆ ಒದ್ದೆ ಬಟ್ಟೆ ಹಾಕ್ಕೋ" ಅಂತ ಒಂದೇ ಸಮನೆ.

ಅಜ್ಜಿ ಹೇಳಿದ್ದು ಬರೀ ಮನೆಮದ್ದಾ, ಅಥವಾ ಅವರ ಹಳೇ ವೈದ್ಯ ಪುಸ್ತಕಗಳಲ್ಲೂ ಹೀಗೇ ಇದೆಯಾ? ಗೊತ್ತಿರುವವರು ಬಿಡಿಸಿ ಹೇಳಿ. "ಡಾಕ್ಟರ್ ಹತ್ರ ಹೋಗಿ" ಅನ್ನಬೇಡಿ, ಹೋಗಿ ಬಂದಾಗಿದೆ.

ಹಳೇಪುಸ್ತಕ

ಪುಸ್ತಕದಲ್ಲಿ ಇದೆ ಮೇಡಂ. ಆದರೆ ಅಜ್ಜಿ ಅರ್ಧ ಮಾತ್ರ ಹೇಳಿದ್ದಾರೆ.

ಈ ವಿಷಯದ ಮೂಲ ಗ್ರಂಥ 'ಶಾಂಗ್‌ಹಾನ್ ಲುನ್'. ಬರೆದವನು ಜಾಂಗ್ ಜೋಂಗ್‌ಜಿಂಗ್, ಕಾಲ ಕ್ರಿ.ಶ. 200ರ ಆಸುಪಾಸು, ಹಾನ್ ರಾಜವಂಶ ಕುಸಿಯುತ್ತಿದ್ದ ಹೊತ್ತು. ಮುನ್ನುಡಿಯಲ್ಲಿ ಅವನೇ ಹೇಳುತ್ತಾನೆ: ನಮ್ಮ ಕುಟುಂಬದಲ್ಲಿ ಇನ್ನೂರಕ್ಕೂ ಹೆಚ್ಚು ಜನ ಇದ್ದರು, ಹತ್ತು ವರ್ಷ ತುಂಬುವ ಮೊದಲೇ ಮೂರರಲ್ಲಿ ಎರಡು ಪಾಲು ಸತ್ತರು, ಸತ್ತವರಲ್ಲಿ ಹತ್ತಕ್ಕೆ ಏಳು ಮಂದಿ ಶಾಂಗ್‌ಹಾನ್‌ನಿಂದ ಹೋದರು. ಹೊರಗಿನ ಶೀತ ಮೈಗೆ ಹೊಕ್ಕು ಬರುವ ಜ್ವರ ಅಂತ ಅದರ ಲೆಕ್ಕ. ಮನೆ ತುಂಬ ಹೆಣ ನೋಡಿದವನ ಪುಸ್ತಕ ಅದು. ಹಾಗಾಗಿಯೋ ಏನೋ, ತತ್ವ ಕಡಿಮೆ. "ಹೀಗಿದ್ದರೆ ಇದನ್ನು ಕೊಡು, ಹೀಗಾದರೆ ನಿಲ್ಲಿಸು" ಅನ್ನುವ ಮಾತೇ ಜಾಸ್ತಿ.

ಅದರ ಮೊದಲ ಕಷಾಯ ಗ್ವೇಜಿ ತಾಂಗ್. ದಾಲ್ಚಿನ್ನಿ ಕಡ್ಡಿ, ಪಿಯೋನಿ ಬೇರು, ಹಸಿ ಶುಂಠಿ ಮೂರು ಮೂರು ಲಿಯಾಂಗ್ (ಅವರ ಹಳೇ ತೂಕದ ಅಳತೆ), ಹುರಿದ ಅತಿಮಧುರ ಎರಡು ಲಿಯಾಂಗ್, ನಮ್ಮ ಬೋರೆಹಣ್ಣಿನ ಜಾತಿಯ ಕೆಂಪು ಹಣ್ಣು 12. ಏಳು ಪಾಲು ನೀರು ಮೂರು ಪಾಲಾಗುವವರೆಗೆ ಸಣ್ಣ ಉರಿಯಲ್ಲಿ ಕುದಿಸಬೇಕು. ಒಂದು ಪಾಲು ಕುಡಿದು, ಸ್ವಲ್ಪ ಹೊತ್ತಿಗೆ ಬಿಸಿ ತಿಳಿ ಗಂಜಿ ಕುಡಿಯಬೇಕು. ಆಮೇಲೆ ಸುಮಾರು ಎರಡು ಗಂಟೆ ಹೊದ್ದು ಮಲಗಬೇಕು.

ಅಜ್ಜಿ ಬಿಟ್ಟ ಅರ್ಧ ಇದು: ಮೈಯೆಲ್ಲ ಸಣ್ಣಗೆ ಪಸೆ ಬಂದರೆ ಸಾಕು. ನೀರಿನಂತೆ ಬೆವರು ಸುರಿಸಬಾರದು, ಸುರಿಸಿದರೆ ಕಾಯಿಲೆ ಹೋಗುವುದಿಲ್ಲ. ಮೊದಲ ಲೋಟಕ್ಕೇ ಬೆವರು ಬಂದು ಗುಣ ಕಂಡರೆ ಉಳಿದ ಎರಡು ಪಾಲು ಚೆಲ್ಲಿಬಿಡಿ. ಹಸಿ ಪದಾರ್ಥ, ತಣ್ಣನೆಯದು, ಮಾಂಸ, ನೂಡಲ್ಸ್, ಹೆಂಡ, ಹಾಲಿನಿಂದ ಮಾಡಿದ್ದು, ಎಲ್ಲಕ್ಕೂ ಪಥ್ಯ.

ಮಲೆನಾಡ_ಮಾಣಿ

ಗಂಜಿ! ಪ್ರಪಂಚದಲ್ಲಿ ಎಲ್ಲಿ ಹೋದರೂ ಜ್ವರಕ್ಕೆ ಗಂಜಿ ತಪ್ಪಲ್ಲ ನೋಡಿ 😀

ವಾರ್ಡ್_ನಂ_7

ನಾನು ಅಲೋಪತಿ ಡಾಕ್ಟರ್, ಹಾಗಾಗಿ ಒಂದು ಮಾತು. ಬೆವರು ಬಂದಿದ್ದರಿಂದ ಜ್ವರ ಇಳಿಯಿತು ಅನ್ನುವುದು ಬಹಳ ಸಲ ಉಲ್ಟಾ ಲೆಕ್ಕ. ಜ್ವರ ಏರುವಾಗ ಮೆದುಳಿನ ಹೈಪೋಥಲಾಮಸ್ ಮೈ ಬಿಸಿಯ ಗುರಿಯನ್ನು ಮೇಲಕ್ಕೆ ಇಡುತ್ತದೆ. ಗುರಿ 39.5 ಇದೆ, ಮೈ ಇನ್ನೂ 37.5ರಲ್ಲಿದೆ ಅಂದರೆ ರೋಗಿಗೆ ಚಳಿ, ನಡುಕ. ಮುಟ್ಟಿದರೆ ಬಿಸಿ, ಅವನಿಗೆ ಮಾತ್ರ ಛಳಿ. ಗುರಿ ಕೆಳಗಿಳಿದಾಗ ದೇಹ ತಾನಾಗಿಯೇ ಬೆವರಿ ತಣ್ಣಗಾಗುತ್ತದೆ. ಅಂದರೆ ಬೆವರು ಜ್ವರ ಇಳಿಯುವುದರ ಗುರುತು.

ಚಳಿ ಆಗುವವರಿಗೆ ಒಂದು ಹೊದಿಕೆ ಕೊಡಿ, ತಪ್ಪಿಲ್ಲ. ಆದರೆ ಕೂಸುಗಳನ್ನು ಬಿಸಿ ನೆಲದ ಮೇಲೆ ರಜಾಯಿಯಲ್ಲಿ ಸುತ್ತಿಡುವುದು ಅಪಾಯ. ಐಸ್ ನೀರಿನಲ್ಲಿ ಒರೆಸುವುದೂ ಬೇಡ, ನಡುಕ ಹುಟ್ಟಿ ಮೈ ಇನ್ನಷ್ಟು ಕಾಯುತ್ತದೆ. ಅಮ್ಮನ ಒದ್ದೆ ಬಟ್ಟೆ ಉಗುರುಬೆಚ್ಚಗಿದ್ದರೆ ಸರಿ.

ಹಳೇಪುಸ್ತಕ

ಡಾಕ್ಟ್ರೇ, ನೀವು ಹೇಳಿದ "ಮುಟ್ಟಿದರೆ ಬಿಸಿ, ಅವನಿಗೆ ಛಳಿ" ಅನ್ನುವುದನ್ನು ಜಾಂಗ್ ಕೂಡ ಗಮನಿಸಿದ್ದ. ಶುರುವಿನಲ್ಲೇ ಒಂದು ಸೂತ್ರ ಇದೆ. ಮೈ ಕೆಂಡವಾಗಿದ್ದರೂ ರೋಗಿ ಬಟ್ಟೆ ಎಳೆದುಕೊಳ್ಳುತ್ತಿದ್ದರೆ ಬಿಸಿ ಚರ್ಮದಲ್ಲಿದೆ, ಶೀತ ಮೂಳೆಯೊಳಗಿದೆ. ಮೈ ತಣ್ಣಗಿದ್ದರೂ ಹೊದಿಕೆ ಒದೆಯುತ್ತಿದ್ದರೆ ಶೀತ ಚರ್ಮದಲ್ಲಿದೆ, ಬಿಸಿ ಮೂಳೆಯೊಳಗಿದೆ. ಕಾರಣ ಅವನು ಕೊಟ್ಟಿದ್ದು ಬೇರೆ. ನೋಡಿದ್ದು ಮಾತ್ರ ಸರಿಯಾಗಿದೆ.

ಥರ್ಮಾಮೀಟರ್ ಇಲ್ಲದ ಕಾಲ. ಎಷ್ಟು ಡಿಗ್ರಿ ಅನ್ನುವ ಪ್ರಶ್ನೆಯೇ ಇಲ್ಲ. ಅವರು ಕೇಳುತ್ತಿದ್ದದ್ದು: ಬೆವರು ಇದೆಯಾ? ಗಾಳಿ ಸೋಕಿದರೆ ಆಗಲ್ವಾ? ಬಾಯಾರಿಕೆ ಇದೆಯಾ? ಹೊಟ್ಟೆ ಕಟ್ಟಿದೆಯಾ? ನಾಡಿ ಮೇಲೆ ತೇಲುತ್ತಿದೆಯಾ?

ಜ್ವರ ಇದೆ, ಸಣ್ಣ ಬೆವರೂ ಇದೆ, ಗಾಳಿ ಆಗಲ್ಲ ಅಂದರೆ ಮೇಲಿನ ದಾಲ್ಚಿನ್ನಿ ಕಷಾಯ. ಬೆವರೇ ಇಲ್ಲ, ಕೀಲು ಕೀಲು ನೋವು, ಉಬ್ಬಸ ಅಂದರೆ ಮಾಹುವಾಂಗ್ ತಾಂಗ್. ಅದರಲ್ಲಿ ಎಫೆಡ್ರಾ ಗಿಡದ ಕಾಂಡ, ದಾಲ್ಚಿನ್ನಿ ಕಡ್ಡಿ, ಏಪ್ರಿಕಾಟ್ ಬೀಜ, ಅತಿಮಧುರ. ಚಳಿ ಹೋಗಿ ಬರೀ ಉರಿ, ಧಾರಾಕಾರ ಬೆವರು, ಚೊಂಬುಗಟ್ಟಲೆ ನೀರು ಕೇಳುತ್ತಿದ್ದಾನೆ ಅಂದರೆ ಹೊದಿಸುವ ಮಾತೇ ಇಲ್ಲ. ಆಗ ಬೈಹು ತಾಂಗ್: ಜಿಪ್ಸಂ, ಜಿಮು ಅನ್ನುವ ಗೆಡ್ಡೆ, ಅತಿಮಧುರ, ಅಕ್ಕಿ. ಒಮ್ಮೆ ಚಳಿ ಒಮ್ಮೆ ಬಿಸಿ, ಬಾಯಿ ಕಹಿ, ಊಟ ಬೇಡ ಅಂದರೆ ಇನ್ನೊಂದು. ಹೊಟ್ಟೆ ಗಟ್ಟಿಯಾಗಿ ಬಡಬಡಿಸುತ್ತಿದ್ದರೆ ರೇವಲ್ಚಿನ್ನಿ ಹಾಕಿದ ಭೇದಿ ಮದ್ದು. ಹೀಗೆ ಒಟ್ಟು ಆರು ಹಂತ.

ಅಂದರೆ ಅಜ್ಜಿ, ಅಮ್ಮ ಇಬ್ಬರೂ ಒಂದೊಂದು ಹಂತದಲ್ಲಿ ಸರಿ. ನನ್ನ ಮಟ್ಟಿಗೆ ಇಡೀ ಪುಸ್ತಕದ ಬೆಲೆ ಇರುವುದು ಈ ವಿಂಗಡಣೆಯಲ್ಲೇ. ಅದರಲ್ಲಿ ದೊಡ್ಡ ಭಾಗ ಬೇರೆ ವೈದ್ಯರು ಕೆಡಿಸಿದ ಕೇಸುಗಳ ರಿಪೇರಿ. ಬೆವರಿಸಬಾರದಾಗ ಬೆವರಿಸಿದರೆ ಏನು ಮಾಡಬೇಕು, ಭೇದಿ ಕೊಡಬಾರದಾಗ ಕೊಟ್ಟರೆ ಏನು, ಅಂತ. ಒಂದು ತಪ್ಪಿಗೆ ರೋಗಿ ಹೇಗೋ ದಿನ ದೂಡುತ್ತಾನೆ, ಎರಡನೇ ತಪ್ಪಿಗೆ ಆಯಸ್ಸೇ ಮುಗಿಯುತ್ತದೆ ಅಂತ ಖಡಕ್ಕಾಗಿ ಬರೆದಿದ್ದಾನೆ.

ಸನಾತನ_ಸೀನ

ಇದೆಲ್ಲ ನಮ್ಮ ಆಯುರ್ವೇದದಿಂದಲೇ ಹೋಗಿದ್ದು ಅಲ್ವಾ?

ಹಳೇಪುಸ್ತಕ

ಇದು ಹೋಗಿದ್ದಲ್ಲ ಸೀನಣ್ಣ. ಬೌದ್ಧ ಭಿಕ್ಷುಗಳ ಜೊತೆ ಒಂದಷ್ಟು ಭಾರತದ ವೈದ್ಯ ಚೀನಾಕ್ಕೆ ಹೋಗಿದೆ, ನಿಜ. 7ನೇ ಶತಮಾನದ ಸುನ್ ಸಿಮಿಯಾವ್‌ನ ಗ್ರಂಥದಲ್ಲಿ ಬುದ್ಧನ ಕಾಲದ ನಮ್ಮ ವೈದ್ಯ ಜೀವಕನ ಹೆಸರಿನ ಗುಳಿಗೆಯೇ ಇದೆ. ಆದರೆ ಶಾಂಗ್‌ಹಾನ್ ಲೆಕ್ಕಾಚಾರ ಅಲ್ಲಿಯದೇ. ಅದೇ ಸುನ್, ಜಾಂಗ್‌ನ ಮುಖ್ಯ ಮದ್ದುಗಳನ್ನು ದಕ್ಷಿಣದ ವೈದ್ಯರು ಗುಟ್ಟಾಗಿ ಇಟ್ಟುಕೊಂಡಿದ್ದಾರೆ, ಯಾರಿಗೂ ಕೊಡುತ್ತಿಲ್ಲ ಅಂತ ಗೊಣಗಿದ್ದಾನೆ. 1065ರಲ್ಲಿ ಸೋಂಗ್ ರಾಜವಂಶದ ಸರ್ಕಾರ ತಿದ್ದಿ ಅಚ್ಚು ಹಾಕಿಸಿದ ಮೇಲೆ ಪುಸ್ತಕ ಎಲ್ಲ ಕಡೆ ಹರಡಿತು.

ಹಾನ್‌ಹೊಳೆ_ಹುಡುಗಿ

ವಾವ್, ಇಷ್ಟೆಲ್ಲ ಇದೆಯಾ! ಒಂದು ಡೌಟು. ಎಲ್ಲ ಜ್ವರವೂ ಶೀತದಿಂದಲೇ ಅಂದರೆ ಬೇಸಿಗೆಯಲ್ಲಿ ಬರುವ ಜ್ವರ? ಊರಿಗೆ ಊರೇ ಮಲಗುವ ಜ್ವರ?

ಹಳೇಪುಸ್ತಕ

ಅಲ್ಲೇ ಜಗಳ ಶುರುವಾಗಿದ್ದು. 1641ರಲ್ಲಿ ಶಾಂಡೋಂಗ್, ಜಿಯಾಂಗ್ಸು, ಝೆಜಿಯಾಂಗ್ ಕಡೆ ಭಾರೀ ಸಾಂಕ್ರಾಮಿಕ. ಮಿಂಗ್ ವಂಶದ ಕೊನೆಗಾಲ. ವೈದ್ಯರು ಶಾಂಗ್‌ಹಾನ್ ಪುಸ್ತಕ ಹಿಡಿದು ಬೆವರಿಸಿದರು, ಜನ ಸಾಯುತ್ತಲೇ ಹೋದರು. ವೂ ಯೌಕೆ ಅನ್ನುವವನು 1642ರಲ್ಲಿ ಹೊಸ ಪುಸ್ತಕವನ್ನೇ ಬರೆದ. ಇದು ಶೀತವೂ ಅಲ್ಲ, ಸೆಕೆಯೂ ಅಲ್ಲ, ಋತುಮಾನದ ಏರುಪೇರೂ ಅಲ್ಲ. ಗಾಳಿಯಲ್ಲಿರುವ ಬೇರೆಯೇ ಒಂದು ಕೆಟ್ಟ ವಸ್ತು, ಬಾಯಿ ಮೂಗಿನಿಂದ ಒಳಗೆ ಹೋಗುತ್ತದೆ, ಒಂದೊಂದು ವಸ್ತುವಿಗೆ ಒಂದೊಂದು ಕಾಯಿಲೆ ಅಂದ. ಸೂಕ್ಷ್ಮದರ್ಶಕ ಇಲ್ಲದೆ ಇಷ್ಟು ದೂರ ಬಂದಿದ್ದು ಸಣ್ಣ ಮಾತಲ್ಲ. ಹಾಗಂತ ರೋಗಾಣು ಕಂಡುಹಿಡಿದ ಅಂತ ಹೊಗಳುವುದೂ ಜಾಸ್ತಿಯಾಯಿತು.

ಅವನ ಮುಖ್ಯ ಮದ್ದು ದಾ ಯುವಾನ್ ಯಿನ್. ನಾಲಿಗೆ ಮೇಲೆ ಹಿಟ್ಟು ಸುರಿದಂತೆ ಬಿಳಿ ಪದರ ಕಟ್ಟಿದಾಗ ಕೊಡುವುದು. ಅದರಲ್ಲಿ ಮೊದಲ ಹೆಸರು ಯಾವುದು ಗೊತ್ತಾ? ಅಡಿಕೆ.

ಮಲೆನಾಡ_ಮಾಣಿ

ಏನು!! ನಮ್ಮ ಅಡಿಕೆಯಾ? ರಾಶಿ ಇಡಿಯಾ, ಬೆಟ್ಟೆಯಾ? ರೇಟು ಹೇಳಿ, ಲಾರಿ ಕಳಿಸ್ತೇನೆ.

ಹಳೇಪುಸ್ತಕ

ಅದೇ ಅಡಿಕೆ ಮಾರಾಯ್ರೆ. ಜೊತೆಗೆ ಹೋಪೋ ಮರದ ತೊಗಟೆ, ದೊಡ್ಡ ಏಲಕ್ಕಿಯ ಹತ್ತಿರದ ನೆಂಟ ಸಾವ್‌ಗುವೋ, ಇನ್ನು ನಾಲ್ಕು ಬೇರುಗಳು. ಒಳಗೆ ಅಡಗಿ ಕೂತ ಕೆಟ್ಟದ್ದನ್ನು ಒಡೆದು ಹೊರಗೆ ಹಾಕುತ್ತದೆ ಅಂತ ಅಡಿಕೆ.

ವಾರ್ಡ್_ನಂ_7

ಮಾಣಿ, ಲಾರಿ ನಿಲ್ಲಿಸಿ. ಜಗಿಯುವ ಅಡಿಕೆ ಕ್ಯಾನ್ಸರ್ ತರುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ ಹೇಳಿ ವರ್ಷಗಳೇ ಆದವು. ಜ್ವರಕ್ಕೆ ಕವಳ ಹಾಕಿ ಕೂರಬೇಡಿ.

ಹಳೇಪುಸ್ತಕ

ಮುಂದಿನದು ಸ್ವಲ್ಪ ಬೇಗ ಹೇಳುತ್ತೇನೆ. 18ನೇ ಶತಮಾನದಲ್ಲಿ ಸುಜೌ ಊರಿನ ಯೆ ತಿಯಾನ್‌ಶಿ ಬಂದ. ಬಿಸಿಜ್ವರ, ಅಂದರೆ ಅವರ ವೆನ್‌ಬಿಂಗ್, ನಾಲ್ಕು ಪದರ ದಾಟಿ ಒಳಗೆ ಇಳಿಯುತ್ತದೆ ಅಂದ. ಮೊದಲು ಹೊರಗಿನ ಕಾವಲು, ಆಮೇಲೆ ಉಸಿರು-ಶಕ್ತಿಯ ಪದರ, ಆಮೇಲೆ ಪೋಷಣೆಯದು, ಕೊನೆಗೆ ರಕ್ತ. ನಾಲಿಗೆ ಕಡುಗೆಂಪಾದರೆ ಮೂರನೇ ಪದರಕ್ಕೆ ಹೋಗಿದೆ ಅಂತ ಗುರುತು. ನಾಲಿಗೆ ನೋಡಿದ ಮೇಲೆ ಹಲ್ಲನ್ನೂ ನೋಡಿ, ಒಣಗಿದೆಯಾ ಹೊಳೆಯುತ್ತಿದೆಯಾ ಅಂತ ಹೇಳಿಕೊಟ್ಟ. ನಿರ್ಜಲತೆ ಅಳೆಯಲು ಒಳ್ಳೇ ಉಪಾಯವೇ, ಅಲ್ವಾ ಡಾಕ್ಟ್ರೇ?

ಅವನ ಜಾಡಿನಲ್ಲಿ ಬಂದ ವೂ ಜುತೋಂಗ್ 1798ರಲ್ಲಿ ಬರೆದ ಪುಸ್ತಕದಲ್ಲಿ ಯಿನ್ ಚಿಯಾವ್ ಸಾನ್ ಇದೆ. ಹನಿಸಕಲ್ ಹೂವು, ಫೋರ್ಸೈಥಿಯಾ ಕಾಯಿ, ಪುದೀನ, ಇತ್ಯಾದಿ. ಗಂಟಲು ಕೆರೆತದ ಜೊತೆ ಬರುವ ಜ್ವರಕ್ಕೆ ಇವತ್ತಿಗೂ ಚೀನಾದಲ್ಲಿ ಮೊದಲು ನೆನಪಾಗುವುದು ಇದೇ. ಕುದಿಸುವ ಕ್ರಮ ನೋಡಿ: ಪುಡಿಯನ್ನು ಹಸಿ ಲಾಳದ ಕಡ್ಡಿಯ (ಜೊಂಡು ಹುಲ್ಲಿನ) ಬೇರಿನ ಕಷಾಯದಲ್ಲಿ ಹಾಕಿ, ಘಮ ಎದ್ದ ತಕ್ಷಣ ಇಳಿಸಬೇಕು. ಜಾಸ್ತಿ ಕುದಿಸಿದರೆ ಕೆಟ್ಟಿತು. ಮೈಯ ಮೇಲ್ಭಾಗದ ಕಾಯಿಲೆಗೆ ಮದ್ದು ಗರಿಯಷ್ಟು ಹಗುರ ಇರಬೇಕು ಅನ್ನುತ್ತಾನೆ. ಹನಿಸಕಲ್, ಪುದೀನದ ಪರಿಮಳದ ಎಣ್ಣೆ ಆವಿಯಾಗಿ ಹೋಗುವುದು ಅವನ ಅನುಭವಕ್ಕೆ ಬಂದಿರಬೇಕು.

ವುಹಾನ್_ಬ್ಯಾಚ್

ನಾನು ಚೀನಾದಲ್ಲಿ ಎಂಬಿಬಿಎಸ್ ಓದಿದವನು. ಹಾಸ್ಟೆಲ್‌ನಲ್ಲಿ ಇರುವ ನಮ್ಮ ಹುಡುಗರಿಗೆ ಒಂದು ಮುಖ್ಯವಾದ ವಿಷಯ. ಅಲ್ಲಿ ಮೆಡಿಕಲ್ ಶಾಪ್‌ನಲ್ಲಿ ಸಿಗುವ "ಗಿಡಮೂಲಿಕೆ" ಶೀತದ ಪುಡಿಗಳಲ್ಲಿ ಹಲವು ಬರೀ ಗಿಡಮೂಲಿಕೆ ಅಲ್ಲ. ಗನ್‌ಮಾವೊಲಿಂಗ್ ಹರಳಿನ ಒಂದು ಸ್ಯಾಶೆಯಲ್ಲಿ 200 ಮಿಲಿಗ್ರಾಂ ಪ್ಯಾರಾಸಿಟಮಾಲ್ ಇದೆ. ಜೊತೆಗೆ ನಿದ್ದೆ ತರಿಸುವ ಕ್ಲೋರ್ಫೆನಿರಮಿನ್, ಸ್ವಲ್ಪ ಕೆಫೀನ್. ವಿಟಮಿನ್ ಸಿ ಹಾಕಿದ ಯಿನ್ ಚಿಯಾವ್ ಮಾತ್ರೆಯಲ್ಲೂ ಪ್ಯಾರಾಸಿಟಮಾಲ್ ಇದೆ. ಕದ್ದು ಬೆರೆಸಿದ್ದಲ್ಲ, ಡಬ್ಬಿ ಮೇಲೆ ಚೀನೀ ಅಕ್ಷರದಲ್ಲಿ ಬರೆದೇ ಇರುತ್ತದೆ. ನಮ್ಮವರಿಗೆ ಓದಲು ಬರಲ್ಲ. ಊರಿಂದ ತಂದ ಡೋಲೋ 650 ನುಂಗಿ, ಮೇಲೆ ಇದನ್ನೂ ಬಿಸಿನೀರಿಗೆ ಹಾಕಿ ಕುಡಿಯುತ್ತಾರೆ. ಒಂದೇ ಔಷಧ ಎರಡು ಬಾಗಿಲಿನಿಂದ ಒಳಗೆ. "ಚೈನೀಸ್ ಮೆಡಿಸಿನ್ ಸೂಪರ್, ಒಂದೇ ಗಂಟೆಲಿ ಜ್ವರ ಇಳೀತು" ಅಂತಾರಲ್ಲ, ಇಳಿಸಿದ್ದು ಯಾರು ಅಂತ ಯೋಚಿಸಿ.

ವಾರ್ಡ್_ನಂ_7

ಇದನ್ನು ಪಿನ್ ಮಾಡಿ ದಯವಿಟ್ಟು. ದೊಡ್ಡವರಿಗೆ ದಿನಕ್ಕೆ ಪ್ಯಾರಾಸಿಟಮಾಲ್ 4 ಗ್ರಾಂ ಮೇಲ್ಮಿತಿ, ಲಿವರ್ ತೊಂದರೆ ಇರುವವರಿಗೆ ಮತ್ತು ಕುಡಿಯುವವರಿಗೆ ಇನ್ನೂ ಕಡಿಮೆ. (ಹಲ್ಲು ನೋಡುವ ವಿಷಯ: ಹೌದು, ಬಾಯಿ ಒಣಗಿದೆಯಾ ಅಂತ ನಾವೂ ಈಗಲೂ ನೋಡುತ್ತೇವೆ.)

ಎಫೆಡ್ರಾ ಬಗ್ಗೆಯೂ ಎಚ್ಚರ. ಅದರಿಂದಲೇ ಜಪಾನಿನ ನಾಗಾಯಿ 1885ರಲ್ಲಿ ಎಫೆಡ್ರಿನ್ ಬೇರ್ಪಡಿಸಿದ್ದು. ಬಿಪಿ, ಹೃದಯದ ಕಾಯಿಲೆ ಇರುವವರಿಗೆ ಅಪಾಯ. ಅಮೆರಿಕದಲ್ಲಿ ತೂಕ ಇಳಿಸುವ ಪುಡಿಗಳಲ್ಲಿ ಹಾಕಿ ಅನಾಹುತವಾಗಿ, 2004ರಲ್ಲಿ ನಿಷೇಧ ಮಾಡಿದರು.

ಬುಸಾನ್_ಬಿಸಿಬೇಳೆ

ಕೊರಿಯಾ ಕಥೆ ಯಾರೂ ಹೇಳಲೇ ಇಲ್ಲ. ನಾನು ಹೇಳುತ್ತೇನೆ.

ಹೋ ಜುನ್ ಹೆಸರು ಇಲ್ಲಿ ಚಿಕ್ಕ ಮಕ್ಕಳಿಗೂ ಗೊತ್ತು. ಜಪಾನ್ ದಂಡೆತ್ತಿ ಬಂದ ಯುದ್ಧದ ನಡುವೆ, 1596ರಲ್ಲಿ ರಾಜ ಸೋಂಜೋ ಅವನಿಗೆ ಹೊಸ ವೈದ್ಯಗ್ರಂಥ ಮಾಡು ಅಂದ. 1608ರಲ್ಲಿ ರಾಜ ಸತ್ತ. ರಾಜವೈದ್ಯನ ತಲೆಗೇ ತಪ್ಪು ಕಟ್ಟಿ ಗಡೀಪಾರು ಮಾಡಿದರು. ಅವನು ಅಲ್ಲೂ ಬರೆಯುತ್ತಲೇ ಇದ್ದ. 1610ರಲ್ಲಿ 'ದೋಂಗುಯಿ ಬೋಗಾಮ್' ಮುಗಿಯಿತು, 1613ರಲ್ಲಿ ಅಚ್ಚಾಯಿತು, 25 ಸಂಪುಟ. 2009ರಲ್ಲಿ ಯುನೆಸ್ಕೋ ವಿಶ್ವ ಸ್ಮೃತಿ ಪಟ್ಟಿಗೆ ಸೇರಿತು. ಇದರಲ್ಲಿ ನನಗಿಷ್ಟ ಆಗಿದ್ದು, ಎಷ್ಟೋ ಗಿಡಗಳಿಗೆ ಊರವರ ಕೊರಿಯನ್ ಹೆಸರನ್ನು ಹಂಗುಲ್ ಲಿಪಿಯಲ್ಲೇ ಬರೆದಿದ್ದಾನೆ. ಚೀನಾದಿಂದ ತರಿಸುವ ದುಬಾರಿ ಬೇರಿಗೆ ಕಾಯಬೇಡಿ, ಹಿತ್ತಲಲ್ಲಿ ಇರುವುದನ್ನು ಕೀಳಿ ಅನ್ನುವ ಹಾಗೆ. 1613ರಲ್ಲೇ ಸಾಂಕ್ರಾಮಿಕ ಜ್ವರಗಳ ಮೇಲೆ ಎರಡು ಸಣ್ಣ ಪುಸ್ತಕ ಬೇರೆ ಬರೆದ. ಅದರಲ್ಲಿ ಒಂದು, ಮೈ ಕೆಂಪಾಗುವ ಜ್ವರದ ಬಗ್ಗೆ. ಅದು ಈಗಿನ ಸ್ಕಾರ್ಲೆಟ್ ಫೀವರ್ ಅಂತ ಇತಿಹಾಸಕಾರರು ಗುರುತಿಸುತ್ತಾರೆ.

ಆಮೇಲೆ 1894ರಲ್ಲಿ ಯಿ ಜೆಮಾ ಬಂದು ಎಲ್ಲವನ್ನೂ ತಿರುಗಿಸಿ ಹಾಕಿದ. ಜ್ವರವನ್ನು ಮಾತ್ರ ನೋಡಬೇಡಿ, ಮನುಷ್ಯನನ್ನು ನೋಡಿ ಅಂದ. ಜನರಲ್ಲಿ ನಾಲ್ಕು ಬಗೆ. ಸೋಯಾಂಗ್ ಮನುಷ್ಯನಿಗೆ ಜ್ವರ ಬಂದರೆ ಜಿಪ್ಸಂ, ಅವನಿಗೆ ಜಿನ್ಸೆಂಗ್ ಮುಟ್ಟಿಸಬೇಡಿ. ಸೋಉಮ್ ಮನುಷ್ಯನಿಗೆ ದಾಲ್ಚಿನ್ನಿ, ಜಿನ್ಸೆಂಗ್. ತೇಉಮ್ ಮನುಷ್ಯನಿಗೆ ಎಫೆಡ್ರಾ, ಕುಡ್ಜು ಗೆಡ್ಡೆ. ಇಲ್ಲಿನ ಆಫೀಸಿನಲ್ಲಿ ಊಟದ ಹೊತ್ತಿಗೆ "ನೀನು ಯಾವ ಬಗೆ?" ಅಂತ ರಾಶಿ ನಕ್ಷತ್ರ ಕೇಳಿದ ಹಾಗೆ ಕೇಳುತ್ತಾರೆ.

ಇನ್ನೊಂದು ಮಾತು. ಅಜ್ಜಿ ಕೊಟ್ಟ ಸ್ಸಾಂಗ್‌ಹ್ವಾತಾಂಗ್ ಪುಸ್ತಕದ ಪ್ರಕಾರ ಜ್ವರದ ಮದ್ದೇ ಅಲ್ಲ. ಸುಸ್ತಾದವರಿಗೆ, ಕಾಯಿಲೆಯಿಂದ ಎದ್ದವರಿಗೆ ಕೊಡುವ ಬಲವರ್ಧಕ. ಶೀತಕ್ಕೆ ಅಂತ ಕುಡಿಯುವುದು ಇಲ್ಲಿನ ಜನರ ರೂಢಿ. ಬೆವರಿಸುವುದೇ ಬೇಕಿದ್ದರೆ ಅವರ ಗಲ್‌ಗುನ್‌ತಾಂಗ್, ಅಂದರೆ ಕುಡ್ಜು ಗೆಡ್ಡೆಯ ಕಷಾಯ.

ವಾರ್ಡ್_ನಂ_7

ನಾಲ್ಕು ಬಗೆ ಅಂತಾರಲ್ಲ, ಒಬ್ಬನನ್ನೇ ಇಬ್ಬರು ವೈದ್ಯರಿಗೆ ತೋರಿಸಿದರೆ ಒಂದೇ ಬಗೆ ಹೇಳುತ್ತಾರಾ?

ಬುಸಾನ್_ಬಿಸಿಬೇಳೆ

ಯಾವಾಗಲೂ ಇಲ್ಲ ಸರ್ 😄 ಒಬ್ಬರು ಮೈಕಟ್ಟು ನೋಡುತ್ತಾರೆ, ಒಬ್ಬರು ಪ್ರಶ್ನೆಪತ್ರಿಕೆ ಕೊಡುತ್ತಾರೆ. ಅದೇ ಇದರ ದೊಡ್ಡ ತೊಡಕು.

ಹಳೇಪುಸ್ತಕ

ಹವೆ ನೋಡಿ ಮದ್ದು ಬದಲಿಸಿದ ಒಂದು ಪ್ರಸಂಗ ನೆನಪಾಯಿತು. 1954-55ರಲ್ಲಿ ಶಿಜಿಯಾಜುವಾಂಗ್‌ನಲ್ಲಿ ಜಪಾನೀಸ್ ಎನ್ಸೆಫಲೈಟಿಸ್, ಅಂದರೆ ಮಿದುಳು ಜ್ವರ. ಅಲ್ಲಿನ ವೈದ್ಯರು ಬೈಹು ತಾಂಗ್, ಅದೇ ಜಿಪ್ಸಂ ಕಷಾಯ ಕೊಟ್ಟು ಒಳ್ಳೇ ಫಲಿತಾಂಶ ಬಂತು ಅಂತ ವರದಿ ಮಾಡಿದರು. 1956ರಲ್ಲಿ ಬೀಜಿಂಗ್‌ಗೆ ಬಂದಾಗ ಅದೇ ಮದ್ದು ನಾಟಲಿಲ್ಲ. ಪು ಫುಜೌ ಅನ್ನುವ ಹಿರಿಯ ವೈದ್ಯ, ಈ ವರ್ಷ ಮಳೆ ಜಾಸ್ತಿ, ಇದು ತೇವದ ಜ್ವರ, ಬರೀ ತಂಪು ಕೊಟ್ಟರೆ ಆಗದು ಅಂತ ಘಮದ ಗಿಡಗಳಿಗೆ ಬದಲಿಸಿದ. ಚೀನೀ ವೈದ್ಯದವರು ಇವತ್ತಿಗೂ ಹೆಮ್ಮೆಯಿಂದ ಹೇಳುವ ಕಥೆ.

ವಾರ್ಡ್_ನಂ_7

ಕಥೆ ಚೆನ್ನಾಗಿದೆ. ಆದರೆ ಮದ್ದು ಕೊಡದ ಇನ್ನೊಂದು ಗುಂಪಿನ ಜೊತೆ ಹೋಲಿಸದೆ ಏನು ಹೇಳುವುದು? ಮಿದುಳು ಜ್ವರದಲ್ಲಿ ಎಷ್ಟೋ ಜನ ಒಳ್ಳೇ ಆರೈಕೆಗೇ ಉಳಿಯುತ್ತಾರೆ. ಉಳಿದರೂ ಕೆಲವರಿಗೆ ಜೀವನಪೂರ್ತಿ ನರದ ತೊಂದರೆ. ಅದನ್ನು ತಡೆದಿದ್ದು ಲಸಿಕೆ.

ಕೋಲಾರದ_ಕೆಂಪ

ಲಸಿಕೆ ಅಂದ್ರಲ್ಲ, ಜೆನ್‌ವ್ಯಾಕ್ ಅನ್ನುವ ನಮ್ಮ ದೇಶದ ಜೆಇ (ಜಪಾನೀಸ್ ಎನ್ಸೆಫಲೈಟಿಸ್) ಲಸಿಕೆ ಮಾಡಿರುವುದೇ ಕೋಲಾರದ ರೋಗಿಯಿಂದ ಸಿಕ್ಕ ವೈರಸ್ ತಳಿಯಿಂದ. ಬರೀ ಚಿನ್ನ ಅಲ್ಲ ಸ್ವಾಮಿ ನಮ್ಮೂರು ಕೊಟ್ಟಿದ್ದು.

ಕುಡ್ಲದ_ಕುಟ್ಟಿ

ಮಲೇರಿಯಾ ಬಿಟ್ಟಿರಲ್ಲ! ಮಂಗಳೂರಿನವರಿಗೆ ಕೇಳಿ. ಫಾಲ್ಸಿಪಾರಂ ಮಲೇರಿಯಾಕ್ಕೆ ನಮಗೆ ಸರ್ಕಾರಿ ಆಸ್ಪತ್ರೆಯಲ್ಲಿ ಕೊಡುವ ಆರ್ಟಿಸುನೇಟ್‌ನ ಮೂಲ ಚೀನಾದ ಚಿಂಗ್‌ಹಾವ್ ಗಿಡ. 4ನೇ ಶತಮಾನದ ಗೆ ಹೋಂಗ್‌ನ ಪುಸ್ತಕದಲ್ಲಿ ಬಿಟ್ಟು ಬಿಟ್ಟು ಬರುವ ಜ್ವರಕ್ಕೆ, "ಒಂದು ಹಿಡಿ ಚಿಂಗ್‌ಹಾವ್ ನೀರಿನಲ್ಲಿ ನೆನೆಸಿ, ಹಿಂಡಿ, ರಸ ಪೂರ್ತಿ ಕುಡಿ" ಅಂತ ಇತ್ತು. ಕುದಿಸು ಅಂತ ಇರಲಿಲ್ಲ. ಚೀನಾದ ವಿಜ್ಞಾನಿ ತು ಯೂಯೂ ಅದನ್ನು ಓದಿ, ಕಾಯಿಸಿದರೆ ಸತ್ವ ಕೆಡುತ್ತಿರಬೇಕು ಅಂತ ಕಡಿಮೆ ಶಾಖದಲ್ಲಿ ಈಥರ್ ಬಳಸಿ ಸಾರ ತೆಗೆದರು. 1971ರ ಅಕ್ಟೋಬರ್‌ನಲ್ಲಿ 191ನೇ ಮಾದರಿ ಇಲಿಗಳಲ್ಲಿ ಪೂರ್ತಿ ಕೆಲಸ ಮಾಡಿತು. 2015ರಲ್ಲಿ ನೊಬೆಲ್.

ಸನಾತನ_ಸೀನ

ನೋಡಿದ್ರಾ! ಹಳೇ ವೈದ್ಯ ಸತ್ಯ ಅಂತ ಪ್ರೂವ್ ಆಯ್ತಲ್ಲ.

ಹಳೇಪುಸ್ತಕ

ಸೀನಣ್ಣ, ಒಂದು ಸಾಲು ಪ್ರೂವ್ ಆಯಿತು. ಆ ತಂಡ ಸಾವಿರಾರು ಹಳೇ ಮದ್ದು ಜಾಲಾಡಿದೆ, ಹೆಚ್ಚಿನವು ನಾಟಲಿಲ್ಲ. ಆ ಗಿಡದ ಟೀ ಕುಡಿಯುವುದನ್ನು ವಿಶ್ವ ಆರೋಗ್ಯ ಸಂಸ್ಥೆಯೇ ಬೇಡ ಅನ್ನುತ್ತದೆ. ಪ್ರಮಾಣ ಸಿಗಲ್ಲ, ಪರಾವಲಂಬಿ ಮದ್ದಿಗೆ ಒಗ್ಗಿಬಿಡುತ್ತದೆ.

ಪ್ರಮಾಣದ್ದೇ ಒಂದು ದೊಡ್ಡ ರಾಮಾಯಣ. ಹಾನ್ ಕಾಲದ ಒಂದು ಲಿಯಾಂಗ್ ಸುಮಾರು 14-15 ಗ್ರಾಂ. ಮಿಂಗ್ ಕಾಲಕ್ಕೆ ಬಂದಾಗ, ಹಳೇ ಒಂದು ಲಿಯಾಂಗ್‌ಗೆ ಈಗಿನ ಒಂದು ಚಿಯನ್ ಸಾಕು ಅಂದರು. ಅಂದರೆ ನಾಲ್ಕು ಗ್ರಾಂಗೂ ಕಡಿಮೆ. ಗ್ವೇಜಿ ತಾಂಗ್‌ನ ದಾಲ್ಚಿನ್ನಿ 45 ಗ್ರಾಂ ಹತ್ತಿರವೋ, 10 ಗ್ರಾಮೋ ಅಂತ ಚೀನಾದಲ್ಲಿ ಇವತ್ತಿಗೂ ಬಡಿದಾಡುತ್ತಾರೆ. ಯಾವ ಅಳತೆಯ ಮದ್ದನ್ನು ಪ್ರೂವ್ ಮಾಡುವುದು ಹೇಳಿ?

ಹಾನ್‌ಹೊಳೆ_ಹುಡುಗಿ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಕೊನೆಯದಾಗಿ, ಇಲ್ಲಿನ ಹಾನುಯಿವೊನ್‌ಗೆ (ಕೊರಿಯನ್ ವೈದ್ಯದ ಕ್ಲಿನಿಕ್) ಹೋದರೆ ಏನು ಕೇಳಬೇಕು? ಕೆಮ್ಮು ಇನ್ನೂ ಇದೆ, ಆಫೀಸಿನವರು ಹೋಗು ಅಂತಿದ್ದಾರೆ.

ಬುಸಾನ್_ಬಿಸಿಬೇಳೆ

ಅಲ್ಲಿನ ವೈದ್ಯರು ಆರು ವರ್ಷ ಓದಿ ಲೈಸೆನ್ಸ್ ತೆಗೆದುಕೊಂಡವರು, ಭಯ ಬೇಡ. ಆದರೆ ಕೊರಿಯಾದಲ್ಲಿ ಎರಡೂ ವೈದ್ಯ ಬೇರೆ ಬೇರೆ. ಅವರು ಆಂಟಿಬಯೋಟಿಕ್ ಬರೆಯುವ ಹಾಗಿಲ್ಲ, ಚೀನಾದಲ್ಲಿ ಹಾಗಲ್ಲ. ಫ್ಲೂಗೆ ಆಸ್ಪತ್ರೆಯಲ್ಲಿ ಕೊಟ್ಟ ಮಾತ್ರೆಗಳ ಚೀಟಿ ತೆಗೆದುಕೊಂಡು ಹೋಗಿ ತೋರಿಸಿ. ಪುಡಿಯಲ್ಲಿ ಮಾಹುವಾಂಗ್ (ಅದೇ ಎಫೆಡ್ರಾ) ಇದೆಯಾ ಕೇಳಿ. ಕೊರಿಯನ್‌ನಲ್ಲಿ 'ಮಾಹ್ವಾಂಗ್' ಅಂದರೆ ಸಾಕು, ಅರ್ಥ ಆಗುತ್ತದೆ. ಕೆಲವು ಸಿದ್ಧ ಪುಡಿಗಳಿಗೆ 1987ರಿಂದ ಸರ್ಕಾರಿ ವಿಮೆ ಇದೆ. ಕುದಿಸಿ ಪ್ಯಾಕ್ ಮಾಡಿ ಕೊಡುವ ಕಷಾಯ ದುಬಾರಿ, ಮೊದಲೇ ರೇಟ್ ಕೇಳಿ.

ವಾರ್ಡ್_ನಂ_7

ಹೋಗುವ ಮೊದಲು ಜ್ವರ ಮತ್ತೆ ಬಂದಿದೆಯಾ ನೋಡಿಕೊಳ್ಳಿ. ಫ್ಲೂ ಬಿಟ್ಟು ಎರಡು ದಿನ ಆರಾಮಾಗಿ, ಮತ್ತೆ ಜ್ವರ, ಎದೆನೋವು, ಏದುಸಿರು ಅಂದರೆ ನ್ಯುಮೋನಿಯಾ ಇರಬಹುದು. ಆಗ ಕಷಾಯ ಬೇಡ, ನೇರ ಎಕ್ಸ್‌ರೇ.

ನಿರ್ವಾಹಕ

ವುಹಾನ್_ಬ್ಯಾಚ್ ಅವರ ಪೋಸ್ಟನ್ನು ಮೇಲೆ ಪಿನ್ ಮಾಡಿದ್ದೇನೆ. ಅಡಿಕೆ ರೇಟಿನ ಬಗ್ಗೆ ಬಂದ ಉಳಿದ ಕಾಮೆಂಟುಗಳನ್ನು ಕೃಷಿ ವಿಭಾಗಕ್ಕೆ ಕಳಿಸಿದ್ದೇನೆ, ಮಾಣಿಯವರು ಅಲ್ಲೇ ಮುಂದುವರಿಸಿ.